ಉರಿದುಹೋಗುವ ಎಣ್ಣೆಯ ವಿಚಾರ

ಕಾಸರಗೋಡಿನ ತೋಟದ ಮನೆಗಳಲ್ಲಿ ಮಳೆಗಾಲವೆಂದರೆ ಕತ್ತಲೆಯ ಕಾಲವೂ ಹೌದು. ಜೂನ್ ತಿಂಗಳ ಗಾಳಿಗೆ ಎಲ್ಲೋ ಒಂದು ಮಾವಿನ ಕೊಂಬೆ ತಂತಿಯ ಮೇಲೊರಗಿದರೆ ಸಾಕು, ಗುಡ್ಡದ ಬದಿಗಳಲ್ಲಿ ಒಂದಕ್ಕೊಂದು ದೂರವಾಗಿ ನಿಂತ ಹತ್ತಿಪ್ಪತ್ತು ಮನೆಗಳ ಬೆಳಕು ಒಮ್ಮೆಗೇ ಆರುತ್ತದೆ. ಲಾಟೀನು, ಚಿಮಿಣಿಗಳ ಕಾಲ ಮುಗಿದು ಇನ್ವರ್ಟರಿನ ಕಾಲ ಬಂದಿದೆಯೆಂಬುದು ನಿಜ. ಆದರೆ ಇನ್ವರ್ಟರು ಒಂದು ರಾತ್ರಿಯ ನೆಂಟ. ಎರಡನೆಯ ದಿನಕ್ಕೆ ಅದರ ಬ್ಯಾಟರಿಯೂ ಕೈಚೆಲ್ಲುತ್ತದೆ. ಆಗ ಎಲ್ಲರಿಗೂ ನೆನಪಾಗುವುದು ಹಿಂಬದಿಯ ಜಗಲಿಯ ಮೂಲೆಯಲ್ಲಿ ಗೋಣಿ ಹೊದೆದು ಕುಳಿತ ಪುಟ್ಟ ಜನರೇಟರು.

ಈ ಜನರೇಟರುಗಳಲ್ಲಿ ಎರಡು ಬಗೆ. ಒಂದು ಫೋರ್-ಸ್ಟ್ರೋಕ್ ಎಂಜಿನಿನದು. ಅದರ ಬುಡದಲ್ಲಿ ಎಣ್ಣೆಗೆಂದೇ ಬೇರೆ ತೊಟ್ಟಿಯಿದ್ದು, ಎಣ್ಣೆಯು ಅಲ್ಲಿಯೇ ಉಳಿದು ಕೆಲಸ ಮಾಡುತ್ತದೆ. ಇತ್ತೀಚೆಗೆ ಮಾರಾಟವಾಗುವವು ಹೆಚ್ಚಾಗಿ ಈ ಬಗೆಯವು. ಇನ್ನೊಂದು ಟೂ-ಸ್ಟ್ರೋಕ್. 60 ಸಿಸಿಯ ಆಸುಪಾಸಿನ ಎಂಜಿನು, 600-650 ವಾಟಿನ ಶಕ್ತಿ, ಸುಮಾರು 20 ಕಿಲೋ ತೂಕ, ಹಗ್ಗವೆಳೆದರೆ ಎದ್ದುನಿಲ್ಲುವಂಥದು. ಹಲವು ಹಳೆಯ ಮನೆಗಳಲ್ಲಿ ಇದು ಇನ್ನೂ ಉಳಿದಿದೆ. ಜನರೇಟರು ಇಲ್ಲದ ಮನೆಯಲ್ಲಿಯೂ ಇದೇ ಜಾತಿಯ ಎಂಜಿನು ತೋಟದ ಹುಲ್ಲು ಕತ್ತರಿಸುವ ಯಂತ್ರದಲ್ಲಿಯೋ ಬೆನ್ನಿಗೆ ಕಟ್ಟಿ ಮದ್ದು ಬಿಡುವ ಯಂತ್ರದಲ್ಲಿಯೋ ಇರುವುದುಂಟು. ಗುರುತಿಸುವುದು ಸುಲಭ. ಎಂಜಿನಿನ ಬುಡದಲ್ಲಿ ಎಣ್ಣೆ ತುಂಬುವ ಬೇರೆ ಮುಚ್ಚಳವಿದ್ದರೆ ಅದು ಫೋರ್-ಸ್ಟ್ರೋಕ್; ಅದಕ್ಕೆ ಬರಿಯ ಪೆಟ್ರೋಲನ್ನೇ ಹಾಕಬೇಕು. ಅಂಥ ಮುಚ್ಚಳವಿಲ್ಲದೆ, ಪೆಟ್ರೋಲಿಗೇ ಎಣ್ಣೆ ಬೆರೆಸಬೇಕೆಂದು ಟ್ಯಾಂಕಿನ ಮೇಲೆ ಅಚ್ಚಾಗಿದ್ದರೆ ಅದು ಟೂ-ಸ್ಟ್ರೋಕ್. ಈ ಎರಡನೆಯದಕ್ಕೆ ಯಾವ ಎಣ್ಣೆ, ಎಷ್ಟು ಎಣ್ಣೆ ಎಂಬುದೇ ನಾನಿಲ್ಲಿ ಹೇಳಹೊರಟಿರುವ ವಿಷಯ. ಕೇಳುವುದಕ್ಕೆ ಕ್ಷುಲ್ಲಕವಾದರೂ ಮನೆಮಂದಿಯೆಲ್ಲ ಅರಿತಿರಬೇಕಾದ ಸಂಗತಿ ಇದು.

ಇಂಗ್ಲೆಂಡಿನ ಜೋಸೆಫ್ ಡೇ ಎಂಬವರು 1891ರಲ್ಲಿ ಪೇಟೆಂಟು ಪಡೆದ ವಿನ್ಯಾಸವೇ ಇಂತಹ ಸರಳ ಎಂಜಿನುಗಳಿಗೆ ಮೂಲ. ಅದರ ಜಾಣ್ಮೆಯೆಲ್ಲ ಇರುವುದು ಪಿಸ್ಟನ್ನಿನ ಕೆಳಗಿನ ಕೋಣೆಯನ್ನೇ ಪಂಪಿನಂತೆ ಬಳಸಿಕೊಂಡುದರಲ್ಲಿ. ಪಿಸ್ಟನ್ ಮೇಲೇರಿದಾಗ ಪೆಟ್ರೋಲು ಮತ್ತು ಗಾಳಿಯ ಮಿಶ್ರಣವು ಆ ಕೋಣೆಗೆ ಬರುತ್ತದೆ. ಕೆಳಗಿಳಿದಾಗ ಒತ್ತಲ್ಪಟ್ಟು ಮೇಲಿನ ಸಿಲಿಂಡರಿಗೆ ನುಗ್ಗುತ್ತದೆ. ಹೀಗೆ ಇಂಧನ ಹಾದುಹೋಗುವ ದಾರಿಯಲ್ಲಿ ಎಣ್ಣೆಯನ್ನು ನಿಲ್ಲಿಸಿಡುವುದು ಸಾಧ್ಯವಿಲ್ಲ. ಆದುದರಿಂದ ಎಣ್ಣೆಯು ಪೆಟ್ರೋಲಿನೊಡನೆ ಮಂಜಿನಂತೆ ಒಳಗೆ ಬಂದು, ಬೇರಿಂಗುಗಳನ್ನೂ ಸಿಲಿಂಡರಿನ ಗೋಡೆಯನ್ನೂ ಸವರಿ, ಕೊನೆಗೆ ಪೆಟ್ರೋಲಿನೊಡನೆಯೇ ಉರಿದು ಹೊಗೆಕೊಳವೆಯಿಂದ ಹೊರಬೀಳುತ್ತದೆ. 50 ಹರ್ಟ್ಸ್ ವಿದ್ಯುತ್ತು ಕೊಡಲು ಇಂತಹ ಜನರೇಟರು ನಿಮಿಷಕ್ಕೆ 3000 ಸುತ್ತು ತಿರುಗುತ್ತದೆ. ಪ್ರತಿ ಸುತ್ತಿಗೂ ಒಂದು ಸಲ ಉರಿಯುತ್ತದೆ. ಅಂದರೆ ಕ್ಷಣಕ್ಷಣವೂ ಹೊಸ ಎಣ್ಣೆ ಬರುತ್ತಿರಬೇಕು, ಬಂದದ್ದು ತನ್ನ ಕೆಲಸ ಮುಗಿಸಿ ಬೂದಿಯುಳಿಸದೆ ಸುಟ್ಟುಹೋಗಬೇಕು. ಜಾರಿಸುವ ಗುಣವೂ ಚೊಕ್ಕವಾಗಿ ಉರಿಯುವ ಗುಣವೂ ಒಂದೇ ಎಣ್ಣೆಯಲ್ಲಿರಬೇಕೆಂಬುದೇ ಇಲ್ಲಿಯ ವಿಶೇಷ.

ಇದನ್ನು ತಿಳಿದರೆ ಯಾವ ಎಣ್ಣೆ ಆಗದು ಎಂಬುದು ತಾನಾಗಿ ತಿಳಿಯುತ್ತದೆ. ಕಾರು, ಬೈಕುಗಳಿಗೆ ಹಾಕುವ ಫೋರ್-ಸ್ಟ್ರೋಕ್ ಎಣ್ಣೆ ಎಷ್ಟೇ ಬೆಲೆಯದಾದರೂ ಇಲ್ಲಿ ಸಲ್ಲದು. ಅದರಲ್ಲಿ ಬೆರೆಸಿರುವ ಕ್ಯಾಲ್ಸಿಯಂ, ಸತು ಮೊದಲಾದ ಲೋಹಗಳ ಸಂಯುಕ್ತಗಳು ಉರಿದಾಗ ಬೂದಿಯಾಗಿ ಪ್ಲಗ್ಗಿನ ತುದಿಯಲ್ಲಿಯೂ ಪಿಸ್ಟನ್ನಿನ ತಲೆಯ ಮೇಲೂ ಕೂರುತ್ತವೆ. ಬಸಿದಿಟ್ಟ ಹಳೆಯ ಎಂಜಿನ್ ಎಣ್ಣೆಯ ಮಾತಂತೂ ಎತ್ತುವುದೇ ಬೇಡ. ನಮ್ಮ ಕಡಲತೀರದ ಪೇಟೆಗಳಲ್ಲಿ ದೋಣಿಯ ಎಂಜಿನಿಗೆಂದು ಸಿಗುವ ಟಿಸಿ-ಡಬ್ಲ್ಯು3 ಎಂಬ ಎಣ್ಣೆಯೂ ಟೂ-ಸ್ಟ್ರೋಕಿನದೇ ಹೌದು. ಆದರೆ ಅದು ನೀರಿನಿಂದ ತಂಪಾಗುವ ಎಂಜಿನಿಗಾಗಿ ಮಾಡಿದ್ದು. ಗಾಳಿಯಿಂದ ಮಾತ್ರ ತಂಪಾಗುವ ನಮ್ಮ ಯಂತ್ರಗಳ ಬಿಸಿ ಅದಕ್ಕಿಂತ ಹೆಚ್ಚಿನದು.

ಹಾಗಾದರೆ ಕೊಳ್ಳಬೇಕಾದುದು ಯಾವುದು? ಡಬ್ಬಿಯ ಮುಂಭಾಗದ ಹುಲಿ, ಸಿಂಹಗಳ ಚಿತ್ರವನ್ನು ಬಿಟ್ಟು ಹಿಂಭಾಗದ ಸಣ್ಣಕ್ಷರಗಳನ್ನು ನೋಡಬೇಕು. ಜಪಾನೀಯರು ಗೊತ್ತುಮಾಡಿದ ಜಾಸೊ ಎಂಬ ದರ್ಜೆಯಲ್ಲಿ ಎಫ್‌ಬಿ, ಎಫ್‌ಸಿ, ಎಫ್‌ಡಿ ಎಂದು ಮೆಟ್ಟಿಲುಗಳಿವೆ. ಎಫ್‌ಬಿಗಿಂತ ಎಫ್‌ಸಿಯಲ್ಲಿ ಹೊಗೆ ಕಡಿಮೆ. ಎಫ್‌ಡಿಯಲ್ಲಿ ಹೊಗೆ ಕಡಿಮೆಯಿರುವುದರ ಜೊತೆಗೆ ಎಂಜಿನಿನ ಒಳಭಾಗವನ್ನು ಶುಚಿಯಾಗಿಡುವ ಗುಣವೂ ಹೆಚ್ಚು. ಇವುಗಳಿಗೆ ಸರಿಸಾಟಿಯಾಗಿ ಐಎಸ್‌ಒ ದರ್ಜೆಯಲ್ಲಿ ಇಜಿಬಿ, ಇಜಿಸಿ, ಇಜಿಡಿ ಎಂದು ಬರೆದಿರುತ್ತಾರೆ. ಜನರೇಟರಿಗೂ ಹುಲ್ಲಿನ ಯಂತ್ರಕ್ಕೂ ಎಫ್‌ಸಿ ಸಾಕು. ಬಿಸಿಲಿನಲ್ಲಿ ಗಂಟೆಗಟ್ಟಲೆ ದುಡಿಯುವ ಯಂತ್ರಕ್ಕೆ ಎಫ್‌ಡಿ ಮೇಲು. ಇಷ್ಟು ನೋಡಿಕೊಂಡ ಮೇಲೆ ಡಬ್ಬಿಯ ಮೇಲಿನ ಹೆಸರು ಯಾವುದಾದರೂ ಚಿಂತೆಯಿಲ್ಲ.

ಇನ್ನು ಅಳತೆಯ ಪ್ರಶ್ನೆ. ಒಂದು ಕಾಲದಲ್ಲಿ ಪೆಟ್ರೋಲ್ ಬಂಕಿನವರೇ ಸ್ಕೂಟರುಗಳಿಗೆ ಟೂ-ಟಿ ಎಣ್ಣೆಯನ್ನು ಅಳೆದು ಹಾಕುತ್ತಿದ್ದರು. ಆ ಸ್ಕೂಟರುಗಳೂ ಮೊಪೆಡ್ಡುಗಳೂ ರಸ್ತೆಯಿಂದ ಮರೆಯಾಗುತ್ತ ಬಂದಂತೆ ಬಂಕಿನ ಅಳತೆಯ ಪಾತ್ರೆಯೂ ಮರೆಯಾಯಿತು. ಅದರೊಡನೆ ಊರಿನ ಅರಿವೂ ಅಷ್ಟಿಷ್ಟು ಹೋಯಿತು. ಈಗ ಪ್ರತಿಯೊಬ್ಬನೂ ತನಗೆ ತೋರಿದಂತೆ ಸುರಿಯುತ್ತಾನೆ. ನನ್ನ ಸೋದರಮಾವನವರು ಬೇಕಾದ್ದಕ್ಕಿಂತ ಇಮ್ಮಡಿ ಸುರಿಯುವ ಉದಾರಿಗಳು.

“ಊಟಕ್ಕೆ ಒಂದು ಮಿಳ್ಳೆ ತುಪ್ಪ ಹೆಚ್ಚಾದರೆ ಕೆಡುಕೇನು ಮಾರಾಯ?” ಎಂದರು ಒಮ್ಮೆ.

“ತುಪ್ಪ ಹೆಚ್ಚಾದಷ್ಟು ಅನ್ನ ಕಡಿಮೆಯಾಗುತ್ತದಲ್ಲ ಮಾವ?” ಎಂದೆ ನಾನು. ಅವರು ನಕ್ಕರು. ಆದರೆ ಅದು ನಗೆಯ ಮಾತಷ್ಟೇ ಆಗಿರಲಿಲ್ಲ. ಕಾರ್ಬ್ಯುರೇಟರಿನ ಕಿರುರಂಧ್ರದಲ್ಲಿ ಎಣ್ಣೆ ಹೆಚ್ಚಾಗಿ ಹಾದರೆ ಅಷ್ಟರಮಟ್ಟಿಗೆ ಪೆಟ್ರೋಲು ಕಡಿಮೆಯಾಗುತ್ತದೆ. ಉರಿಯದೆ ಉಳಿದ ಎಣ್ಣೆ ಮಸಿಗಟ್ಟಿ ಪ್ಲಗ್ಗನ್ನೂ ಹೊಗೆ ಹೋಗುವ ದಾರಿಯನ್ನೂ ಮುಚ್ಚುತ್ತದೆ, ಯಂತ್ರ ಕೆಮ್ಮತೊಡಗುತ್ತದೆ. ಎಣ್ಣೆ ಕಡಿಮೆಯಾದರೆ ಕೇಡು ಇನ್ನೂ ಬೇಗ. ಎಣ್ಣೆಯ ತೆಳುಪದರ ಹರಿದು, ಕಾದು ಹಿಗ್ಗಿದ ಪಿಸ್ಟನ್ ಸಿಲಿಂಡರನ್ನು ಕಚ್ಚಿ ಹಿಡಿದುಬಿಡುತ್ತದೆ. ಮೆಕ್ಯಾನಿಕ್ಕುಗಳು ‘ಸೀಜ್ ಆಯಿತು’ ಎನ್ನುವುದು ಇದಕ್ಕೇ.

ಅಳತೆಯ ಲೆಕ್ಕವಾದರೋ ಮಕ್ಕಳೂ ಮಾಡಬಲ್ಲದ್ದು. 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿಲೀಟರು. 40ಕ್ಕೆ 1 ಎಂದಿದ್ದರೆ 25. 25ಕ್ಕೆ 1 ಎಂದಿದ್ದರೆ 40. ಯಾವ ಯಂತ್ರಕ್ಕೆ ಯಾವ ಪ್ರಮಾಣವೆಂಬುದನ್ನು ಅದರ ಕೈಪಿಡಿಯೋ ಟ್ಯಾಂಕಿನ ಮುಚ್ಚಳವೋ ಹೇಳುತ್ತದೆ. ಕೆಮ್ಮಿನ ಔಷಧದೊಡನೆ ಬರುವ ಅಳತೆಯ ಮುಚ್ಚಳವೊಂದನ್ನು ಇದಕ್ಕೆಂದೇ ತೆಗೆದಿರಿಸಿದರೆ ಬೇರೆ ಸಲಕರಣೆ ಬೇಡ. ಒಣಗಿದ ಶುಚಿಯಾದ ಕ್ಯಾನಿನಲ್ಲಿ ಮೊದಲು ಅರ್ಧ ಪೆಟ್ರೋಲು, ಆಮೇಲೆ ಎಣ್ಣೆ; ಚೆನ್ನಾಗಿ ಕುಲುಕಿ ಉಳಿದ ಪೆಟ್ರೋಲನ್ನು ಸೇರಿಸಿ ಮತ್ತೆ ಕುಲುಕಬೇಕು. ಯಂತ್ರದ ಟ್ಯಾಂಕಿನಲ್ಲಿಯೇ ಬೆರೆಸಿದರೆ ಎಣ್ಣೆ ತಳದಲ್ಲಿ ನಿಲ್ಲುವ ಸಂಭವವುಂಟು.

ಅಳತೆಯೆಂದರೆ ನಮ್ಮವರಿಗೆ ಬಾರದ ವಿದ್ಯೆಯಲ್ಲ. ಅಡಕೆಗೆ ಮಹಾಳಿ ಬಾರದಂತೆ ಬಿಡುವ ಬೋರ್ಡೋ ಮದ್ದನ್ನು ನೋಡಿರಿ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರು ನೀರು: ಈ ಲೆಕ್ಕವನ್ನು ತಪ್ಪುವ ಕೃಷಿಕನಿಲ್ಲ. ಹೊಳೆಯುವ ಕತ್ತಿಯನ್ನು ಮದ್ದಿನಲ್ಲಿ ಅದ್ದಿ, ಅದರ ಮೇಲೆ ತಾಮ್ರದ ಕೆಂಪು ಕುಳಿತರೆ ಇನ್ನಷ್ಟು ಸುಣ್ಣ ಬೇಕೆಂದು ತಿಳಿಯುವ ಪರೀಕ್ಷೆಯನ್ನೂ ಬಲ್ಲೆವು. ಬೆಳೆಯ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾದ ಕೈ, ಆ ಮದ್ದನ್ನೇ ಬಿಡುವ ಯಂತ್ರದ ಎಣ್ಣೆಗೆ ಬಂದಾಗ ಅಂದಾಜಿಗೆ ಇಳಿಯುವುದು ವಿಚಿತ್ರವಲ್ಲವೇ? ಆಟಿಯ ಮಳೆ ಒಂದು ದಿನ ಬಿಡುವು ಕೊಟ್ಟಾಗಲೇ ಯಂತ್ರ ಕಚ್ಚಿ ನಿಂತರೆ ಕೈಬಿಟ್ಟು ಹೋಗುವುದು ಎಣ್ಣೆಯ ಹತ್ತಿಪ್ಪತ್ತು ರೂಪಾಯಿಯಲ್ಲ, ಒಂದು ವರ್ಷದ ಕೊಯ್ಲು.

ಕೆಲವೊಮ್ಮೆ ಅದಕ್ಕಿಂತ ದೊಡ್ಡದೂ ಪಣಕ್ಕೆ ಬೀಳುತ್ತದೆ. 2019ರ ಆಗಸ್ಟಿನ ಮಳೆಗೆ ನಮ್ಮ ಕಡೆ ನಾಲ್ಕು ದಿನ ವಿದ್ಯುತ್ತು ಇರಲಿಲ್ಲ. ಗುಡ್ಡದಾಚೆಯ ಒಂದು ಮನೆಯಲ್ಲಿ ಉಬ್ಬಸದ ಹಿರಿಯ ತಾಯಿಯೊಬ್ಬರಿದ್ದರು. ರಾತ್ರಿ ಎರಡು ಸಲವಾದರೂ ನೆಬ್ಯುಲೈಸರ್ ಹಚ್ಚಬೇಕಾಗುತ್ತಿತ್ತು. ಮಗ ಬೆಂಗಳೂರಿನಲ್ಲಿ, ಮನೆಯಲ್ಲಿದ್ದವಳು ಸೊಸೆಯೊಬ್ಬಳೇ. ಜನರೇಟರಿಗೆ ಏನು ಹಾಕಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಪೆಟ್ರೋಲು ಮಾತ್ರ ಹಾಕಿ ಹಗ್ಗವೆಳೆದಳು. ಸ್ವಲ್ಪ ಹೊತ್ತು ಓಡಿದ ಯಂತ್ರ ಕಿರುಚಿ ನಿಂತಿತು. ನಮ್ಮ ಮನೆಯ ಜನರೇಟರನ್ನು ಇಬ್ಬರು ಹೊತ್ತು ಮಳೆಯಲ್ಲಿ ತೋಡು ದಾಟಿ ಅಲ್ಲಿಗೆ ಮುಟ್ಟಿಸುವಷ್ಟರಲ್ಲಿ ಆ ತಾಯಿ ಮಂಚದ ಅಂಚಿನಲ್ಲಿ ಕುಳಿತು ಉಸಿರಿಗಾಗಿ ಹೆಣಗುತ್ತಿದ್ದರು. ದೇವರ ದಯೆಯಿಂದ ಅಂದು ಏನೂ ಆಗಲಿಲ್ಲ. ಆದರೆ ಆ ಸೊಸೆಯ ಮುಖ ನನ್ನ ಕಣ್ಣಮುಂದೆ ಇಂದಿಗೂ ಇದೆ. ತಪ್ಪು ಅವಳದಾಗಿರಲಿಲ್ಲ.

ಈಚೆಗೆ ಇನ್ನೊಂದು ಎಚ್ಚರಿಕೆಯೂ ಸೇರಿಕೊಂಡಿದೆ. 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆತಿದೆ. ಎಥನಾಲ್ ನೀರಿನ ಪಸೆಯನ್ನು ಹೀರುತ್ತದೆ. ಮಳೆಗಾಲದಲ್ಲಿ ಬಹುಕಾಲ ಇಟ್ಟ ಪೆಟ್ರೋಲಿಗೆ ನೀರು ಸೇರಿದರೆ, ನೀರು ಮತ್ತು ಎಥನಾಲ್ ಬೇರ್ಪಟ್ಟು ತಳದಲ್ಲಿ ನಿಲ್ಲುತ್ತವೆ. ಎಣ್ಣೆಯು ಮೇಲಿನ ಪೆಟ್ರೋಲಿನೊಡನೆ ಉಳಿಯುತ್ತದೆ. ಎಂಜಿನು ಮೊದಲು ಎಳೆದುಕೊಳ್ಳುವುದು ತಳದ್ದನ್ನು. ಹೀಗೆ ಅಳೆದು ಹಾಕಿದ ಎಣ್ಣೆಯೂ ನಿಷ್ಪ್ರಯೋಜಕವಾಗುತ್ತದೆ. ಆದುದರಿಂದ ಒಂದು ತಿಂಗಳಿಗೆ ಬೇಕಾದಷ್ಟನ್ನು ಮಾತ್ರ ಬೆರೆಸಿ, ಬಿಗಿಯಾದ ಮುಚ್ಚಳ ಹಾಕಿಡಬೇಕು. ಯಂತ್ರವನ್ನು ಬಹುಕಾಲ ನಿಲ್ಲಿಸುವಾಗ ಟ್ಯಾಂಕನ್ನು ಬರಿದುಮಾಡಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದು ತೀರುವವರೆಗೆ ಓಡಿಸಿಡಬೇಕು.

ಎಣ್ಣೆಯಿಂದ ಉಳಿಯುವುದು ಯಂತ್ರದ ಜೀವ. ಮನುಷ್ಯರ ಜೀವಕ್ಕೆ ಸಂಬಂಧಿಸಿದ ಎರಡು ಮಾತುಗಳನ್ನು ಹೇಳದೆ ಈ ವಿಷಯ ಪೂರ್ಣವಾಗದು. ಜನರೇಟರಿನ ಹೊಗೆಯಲ್ಲಿ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲವಿದೆ. ಮಳೆಯೆಂದು ಯಂತ್ರವನ್ನು ಅಡುಗೆಮನೆಯಲ್ಲಾಗಲಿ ಮುಚ್ಚಿದ ಜಗಲಿಯಲ್ಲಾಗಲಿ ನಡೆಸಿದರೆ ಮಲಗಿದವರು ಏಳದೇ ಹೋಗಬಹುದು. ಕಿಟಕಿ ಬಾಗಿಲುಗಳಿಂದ ದೂರ, ಹೊರಗೆ, ಮೇಲೆ ಮಾಡು ಮಾತ್ರವಿರುವ ತೆರೆದ ಜಾಗದಲ್ಲಿಯೇ ಅದು ಇರಬೇಕು. ಎರಡನೆಯದು, ಜನರೇಟರಿನ ತಂತಿಯನ್ನು ಗೋಡೆಯ ಪ್ಲಗ್ಗಿಗೆ ಚುಚ್ಚಿ ಇಡೀ ಮನೆಗೆ ವಿದ್ಯುತ್ತು ಹರಿಸುವ ಸಾಹಸ. ಆ ವಿದ್ಯುತ್ತು ಮೀಟರನ್ನು ದಾಟಿ ಕಂಬದ ಟ್ರಾನ್ಸ್‌ಫಾರ್ಮರಿಗೆ ಹಿಮ್ಮುಖವಾಗಿ ಹರಿದರೆ ಅತ್ತ ಸಾವಿರಾರು ವೋಲ್ಟಾಗಬಲ್ಲದು. ನಮ್ಮ ಬೆಳಕಿಗಾಗಿಯೇ ಮಳೆಯಲ್ಲಿ ಕಂಬವೇರಿದವನ ಪ್ರಾಣಕ್ಕೆ ಅದು ಎರವು. ಚೇಂಜ್ ಓವರ್ ಸ್ವಿಚ್ಚು ಹಾಕಿಸದಿದ್ದರೆ ಬೇಕಾದ ಉಪಕರಣವನ್ನು ನೇರವಾಗಿ ಜನರೇಟರಿಗೇ ಜೋಡಿಸಿರಿ. 650 ವಾಟಿನ ಯಂತ್ರಕ್ಕೆ ದೀಪ, ಫ್ಯಾನು, ಫೋನುಗಳೇ ಸರಿ. ಬಾವಿಯ 1 ಎಚ್‌ಪಿ ಪಂಪನ್ನು ಅದು ತಿರುಗಿಸಲಾರದು.

ಗಡಿಯೀಚೆಯ ನಮ್ಮ ಮನೆಗಳಲ್ಲಿ ಯಂತ್ರದ ಕೈಪಿಡಿ ಇಂಗ್ಲಿಷಿನಲ್ಲಿರುತ್ತದೆ, ರಿಪೇರಿಯವನು ಮಲಯಾಳದಲ್ಲಿ ಹೇಳಿಹೋಗುತ್ತಾನೆ, ಯಂತ್ರವನ್ನು ನಡೆಸಬೇಕಾದವರು ಕನ್ನಡದಲ್ಲಿ ಯೋಚಿಸುತ್ತಾರೆ. ಆದ್ದರಿಂದ ಅಂದಿನ ಆ ನಾಲ್ಕು ದಿನ ಕಳೆದ ಮೇಲೆ ನಾನೊಂದು ಕೆಲಸ ಮಾಡಿದೆ. ಒಂದು ಹಾಳೆಯಲ್ಲಿ ದಪ್ಪಕ್ಷರಗಳ ಕನ್ನಡದಲ್ಲಿ, “1 ಲೀಟರು ಪೆಟ್ರೋಲಿಗೆ ಈ ಮುಚ್ಚಳದಲ್ಲಿ 20 ಮಿಲಿಲೀಟರು ಎಣ್ಣೆ, ಕುಲುಕಿ ಹಾಕಿರಿ, ಯಂತ್ರ ಹೊರಗೇ ಇರಲಿ” ಎಂದು ಬರೆದು, ಆ ಮನೆಯ ಜನರೇಟರಿನ ಮೇಲಿನ ಗೋಡೆಗೆ ಅಂಟಿಸಿದೆ, ನಮ್ಮ ಮನೆಯಲ್ಲಿಯೂ ಅಂಟಿಸಿದೆ. ತಮ್ಮ ಯಂತ್ರದ ಪ್ರಮಾಣವನ್ನು ನೋಡಿಕೊಂಡು ಓದುಗರೂ ಹಾಗೆ ಮಾಡಬಹುದು. ಬರೆಯುವ ಕೆಲಸವನ್ನು ಮನೆಯ ಮಕ್ಕಳಿಗೆ ಒಪ್ಪಿಸಿದರೆ ಇನ್ನೂ ಒಳ್ಳೆಯದು. ಲೆಕ್ಕವೂ ಬರುತ್ತದೆ, ಕನ್ನಡವೂ ಉಳಿಯುತ್ತದೆ.