ಹಿಡಿತದ ಕಸುಬು

ಬ್ಯಾಡ್ಮಿಂಟನ್ ರ‍್ಯಾಕೆಟ್‌ನ ಗಟ್ಟಿಂಗ್‌ನಲ್ಲಿ ಬಲೆಯ ಎಳೆಯಾದ ಗಟ್ಟನ್ನು ಎಳೆಯುವುದು ಸುಲಭ. ಎಳೆದದ್ದನ್ನು ಸಡಿಲವಾಗಗೊಡದೆ ಹಿಡಿದಿಡುವುದೇ ಕಸುಬು. ಬೆಂಗಳೂರಿನ ಜಯನಗರ, ಬನಶಂಕರಿ, ಜೆ.ಪಿ. ನಗರದ ಆಟದ ಸಾಮಾನಿನ ಅಂಗಡಿಗಳಲ್ಲಿ ಈ ಕಸುಬನ್ನು ಹತ್ತಿರ ನಿಂತು ನೋಡಬಹುದು. ಗಟ್‌ನ ದಪ್ಪ ಸಾಮಾನ್ಯವಾಗಿ 0.65ರಿಂದ 0.70 ಮಿ.ಮೀ. ಒಂದು ರ‍್ಯಾಕೆಟ್‌ಗೆ ಸುಮಾರು 10 ಮೀಟರ್ ಬೇಕು. ಉದ್ದ ಎಳೆಗಳು 22. ಒಂದೊಂದನ್ನೂ 24 ಪೌಂಡಿಗೆ, ಅಂದರೆ ಹೆಚ್ಚುಕಡಿಮೆ 11 ಕೆ.ಜಿ.ಗೆ ಬಿಗಿದರೆ, 85 ಗ್ರಾಂ ತೂಗುವ ರ‍್ಯಾಕೆಟ್ ಸುಮಾರು 240 ಕೆ.ಜಿ. ಸೆಳೆತ ತಾಳಬೇಕು. ಅದಕ್ಕೇ ಒಳ್ಳೆಯ ಗಟ್ಟಿಂಗ್ ಯಂತ್ರ ಫ್ರೇಮನ್ನು ಆರು ಕಡೆ ಆನಿಸಿ ಹಿಡಿಯುತ್ತದೆ. ಎಳೆಗಳನ್ನು ನಡುವಿನಿಂದ ಶುರುಮಾಡಿ ಎಡಕ್ಕೂ ಬಲಕ್ಕೂ ಸಮನಾಗಿ ಬಿಗಿಯುತ್ತಾ ಹೋಗಬೇಕು. ಒಂದೇ ಕಡೆ ಬಿಗಿದರೆ ಫ್ರೇಮ್ ಸೊಟ್ಟಗಾಗುತ್ತದೆ, ಕೆಲವೊಮ್ಮೆ ಮುರಿದೇ ಹೋಗುತ್ತದೆ.

ಯಂತ್ರಗಳಲ್ಲಿ ಅತಿ ಸರಳವಾದದ್ದೇ ಅತಿ ಸುಂದರವಾದದ್ದು: ಒಂದು ಸನ್ನೆ, ಅದರ ಮೇಲೆ ಅತ್ತಿತ್ತ ಜರುಗುವ ಒಂದು ತೂಕ. ಸನ್ನೆ ನೆಲಕ್ಕೆ ಸಮನಾಗಿ ನಿಂತಾಗ ಗಟ್ ಬೇಕಾದ ಟೆನ್ಷನ್‌ಗೆ ಬಂದಿದೆ ಎಂದರ್ಥ. ಗಟ್ ಹಿಗ್ಗಿದರೂ ತೂಕ ಎಳೆಯುತ್ತಲೇ ಇರುತ್ತದೆ. ಕೈಯಿಂದ ತಿರುಗಿಸುವ ಲಾಕ್ ಯಂತ್ರ ಹಾಗಲ್ಲ. ಗುರಿ ಮುಟ್ಟಿದೊಡನೆ ಅದು ನಿಂತುಬಿಡುತ್ತದೆ, ಆಮೇಲೆ ಹಿಗ್ಗಿದ್ದೆಲ್ಲ ನಷ್ಟ. ಎರಡರಲ್ಲೂ ಕೊನೆಯ ಮಾತು ಎಳೆದ ಗಟ್ಟನ್ನು ಕಚ್ಚಿ ಹಿಡಿಯುವ ಕ್ಲಾಂಪ್‌ನದು. ಅದರ ದವಡೆ ಸಡಿಲವಾದರೆ ಗಟ್ ಜಾರಿ ಉಜ್ಜಿದ ಗುರುತು ಬೀಳುತ್ತದೆ; ಬಿಗಿ ಮಿತಿಮೀರಿದರೆ ಒಳಗಿನ ನೈಲಾನ್ ನೂಲು ಜಜ್ಜಿಹೋಗಿ, ಆಡುವಾಗ ಅಲ್ಲೇ ಕಡಿಯುತ್ತದೆ. ಒಳ್ಳೆಯ ಕೆಲಸಗಾರ ಪ್ರತಿ ರ‍್ಯಾಕೆಟ್‌ಗೂ ಮೊದಲು ಕ್ಲಾಂಪ್‌ನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ ನೋಡಿಕೊಳ್ಳುತ್ತಾನೆ.

ಹಿಡಿತದ ಇದೇ ಸಮಸ್ಯೆ ಹೈಡ್ರಾಲಿಕ್ ಹೋಸ್‌ನಲ್ಲೂ ಇದೆ. ಬಿಟಿಎಂ ಲೇಔಟ್‌ನಲ್ಲಿ ಹಳೆಯ ಮನೆ ಕೆಡವಿ ಪಾಯ ತೋಡುವ ಜೆಸಿಬಿಯ ತೋಳನ್ನು ಎತ್ತಿಳಿಸುವುದು ಎಣ್ಣೆಯ ಒತ್ತಡ. ಅದನ್ನು ಒಯ್ಯುವುದು ಒಳಗೆ ಉಕ್ಕಿನ ತಂತಿ ಹೆಣೆದ ರಬ್ಬರ್ ಹೋಸ್. ಎರಡು ಪದರ ತಂತಿಯ ಅರ್ಧ ಇಂಚಿನ ಹೋಸ್ 275 ಬಾರ್ ಒತ್ತಡಕ್ಕೆ ತಯಾರಾಗುತ್ತದೆ. ಆ ಒತ್ತಡದಲ್ಲಿ ತುದಿಯ ಫಿಟ್ಟಿಂಗನ್ನು ಹೊರಕ್ಕೆ ನೂಕುವ ಬಲ ಸುಮಾರು 350 ಕೆ.ಜಿ. ಇಲ್ಲಿ ತಿರುಪಿಲ್ಲ, ಅಂಟಿಲ್ಲ. ಒಳಗೆ ಗೀರುಗಳುಳ್ಳ ನಿಪ್ಪಲ್ ಎಂಬ ಕೊಳವೆ, ಹೊರಗೆ ಫೆರೂಲ್ ಎಂಬ ಉಕ್ಕಿನ ಕವಚ, ನಡುವೆ ಹೋಸ್. ಕ್ರಿಂಪಿಂಗ್ ಯಂತ್ರದ ಎಂಟು ಡೈಗಳು ಸುತ್ತಲಿಂದ ಏಕಕಾಲಕ್ಕೆ ಒತ್ತಿದಾಗ ಫೆರೂಲ್ ಕುಗ್ಗಿ, ಅದರ ಹಲ್ಲುಗಳು ತಂತಿಯನ್ನು ಕಚ್ಚುತ್ತವೆ. ಆಮೇಲೆ ವರ್ನಿಯರ್ ಹಿಡಿದು ಫೆರೂಲ್‌ನ ವ್ಯಾಸ ಅಳೆಯಬೇಕು. ಮಿಲಿಮೀಟರಿನ ಹತ್ತನೇ ಒಂದೆರಡು ಪಾಲು ಮಾತ್ರ ಆಚೀಚೆ ಇರಬಹುದು. ಒತ್ತಿದ್ದು ಸಾಲದಿದ್ದರೆ ಫಿಟ್ಟಿಂಗ್ ಗುಂಡಿನಂತೆ ಹಾರುತ್ತದೆ. ಅತಿಯಾದರೆ ನಿಪ್ಪಲ್ ಒಳಕ್ಕೆ ಕುಸಿದು ಎಣ್ಣೆಯ ದಾರಿ ಕಿರಿದಾಗುತ್ತದೆ. ಹೊರಗಿನಿಂದ ಈ ಎರಡನೆಯ ದೋಷ ಕಾಣದು. ಆದ್ದರಿಂದ ಇದೇ ಹೆಚ್ಚು ಅಪಾಯದ್ದು.

ಒತ್ತಡ ಕಡಿಮೆ ಇದ್ದಲ್ಲಿ ಇಷ್ಟೆಲ್ಲ ಬೇಡ. ಬೇಸಿಗೆಯಲ್ಲಿ ಮನೆಯ ಸಂಪಿಗೆ ನೀರು ಬಿಡುವ ಟ್ಯಾಂಕರಿನ ಪೈಪಿಗೆ ಒಂದು ಹೋಸ್ ಕ್ಲಿಪ್ ಸಾಕು. ಬ್ರಿಟಿಷ್ ನೌಕಾಪಡೆಯಲ್ಲಿದ್ದ ಲಮ್ಲಿ ರಾಬಿನ್ಸನ್ 1921ರಲ್ಲಿ ಪೇಟೆಂಟ್ ಪಡೆದ ಕ್ಲಿಪ್ ಇದರ ಮೂಲ. ಪಟ್ಟಿಯ ಸೀಳುಗಳಲ್ಲಿ ತಿರುಪಿನ ಎಳೆಗಳು ಕೂತು ಪಟ್ಟಿಯನ್ನು ಬಿಗಿಯುತ್ತವೆ. ಪಟ್ಟಿ ಎಷ್ಟೇ ಜಗ್ಗಿದರೂ ತಿರುಪು ಹಿಂದಕ್ಕೆ ತಿರುಗದು. ನೂರು ವರ್ಷ ಕಳೆದರೂ ಇದರ ಮೂಲವಿನ್ಯಾಸ ಬದಲಾಗದಿರುವುದು ಇದರ ಹೆಚ್ಚುಗಾರಿಕೆ.

ಹಿಡಿಯುವುದಷ್ಟೇ ಅಲ್ಲ, ತಕ್ಕ ಕ್ಷಣಕ್ಕೆ ಬಿಡುವುದೂ ಸೇರಿದ ಸಲಕರಣೆ ಕ್ರಿಕೆಟ್ಟಿನ ಸೈಡ್‌ಆರ್ಮ್. ಉದ್ದ ಹಿಡಿಕೆಯ ತುದಿಯಲ್ಲಿ ಚೆಂಡು ಕೂರುವ ಬಟ್ಟಲು. ತೋಳು ಉದ್ದವಾದಷ್ಟೂ ತುದಿಯ ವೇಗ ಹೆಚ್ಚು. ಕುಮಟಾದ ರಾಘವೇಂದ್ರ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯ ಮೂಲಕ ಭಾರತ ತಂಡವನ್ನು ಸೇರಿ, ನೆಟ್ಸ್‌ನಲ್ಲಿ ಬ್ಯಾಟರ್‌ಗಳಿಗೆ ಗಂಟೆಗೆ 140 ಕಿ.ಮೀ. ಮೀರಿದ ವೇಗದ ಚೆಂಡು ಎಸೆಯುವುದು ಇದರಿಂದಲೇ. ಬಟ್ಟಲು ಚೆಂಡನ್ನು ಬೀಸು ಮುಗಿಯುವವರೆಗೆ ಕಚ್ಚಿ ಹಿಡಿದು, ಮಣಿಕಟ್ಟು ತಿರುಗಿದೊಡನೆ ಬಿಡಬೇಕು. ಬೇಗ ಬಿಟ್ಟರೆ ಫುಲ್ ಟಾಸ್, ತಡವಾಗಿ ಬಿಟ್ಟರೆ ಬೌನ್ಸರ್.