ಕತ್ತಿ ಹಿಡಿಯಲು ಕಲಿತ ರಜೆ

ಕರಾವಳಿಗೆ ಪ್ರವಾಸ ಹೋಗುವುದೆಂದರೆ ಮುರ್ಡೇಶ್ವರದ ಸಮುದ್ರ, ಇಡಗುಂಜಿಯ ಗಣಪತಿ, ಗೋಕರ್ಣದ ದರ್ಶನ ಇಷ್ಟೇ ಎಂದುಕೊಂಡಿದ್ದೆ. ಈ ಬೇಸಗೆ ರಜೆಯಲ್ಲಿ ಮಗಳನ್ನೂ ಅಣ್ಣನ ಮಗನನ್ನೂ ಕರೆದುಕೊಂಡು ಭಟ್ಕಳದಿಂದ ಕುಮಟೆಯವರೆಗೆ ತಿರುಗಿ ಬಂದಾಗ ಬೇರೆಯದೇ ಒಂದು ಪಾಠವಾಯಿತು. ಮಕ್ಕಳಿರುವ ಮನೆಯವರಿಗೆಲ್ಲ ಬೇಕಾದದ್ದು, ಅದಕ್ಕೇ ಬರೆಯುತ್ತಿದ್ದೇನೆ.

ಭಟ್ಕಳದಲ್ಲಿ ಬಸ್ಸಿಳಿದು ಮಲ್ಲಿಗೆ ಕೊಂಡು ಪೇಟೆ ಸುತ್ತಿದೆವು. ಮೀನು ಪೇಟೆಯಲ್ಲಿ ಒಬ್ಬ ಹೆಂಗಸು ಮೆಟ್ಟುಗತ್ತಿಯನ್ನು ಕಾಲಿನಲ್ಲಿ ಅದುಮಿ ಹಿಡಿದು ಸರಸರನೆ ಮೀನು ಹೆಚ್ಚುತ್ತಿದ್ದಳು. ಗಿರಾಕಿಯ ಹತ್ತಿರ ಮಾತಾಡುವಾಗ ಮಾತ್ರ ಕೈ ಗಕ್ಕನೆ ನಿಲ್ಲುತ್ತಿತ್ತು. ಮಾತು ಮುಗಿದ ಮೇಲೆಯೇ ಮತ್ತೆ ಕೆಲಸ. ಇದನ್ನು ನಮ್ಮ ಹುಡುಗ ಗಮನಿಸಿದ. ಅವನಿಗೆ ಅದಕ್ಕೆ ಕಾರಣವಿತ್ತು.

ಹೋದ ವರ್ಷ ಹೊನ್ನಾವರದ ನನ್ನ ಸೋದರಮಾವನ ಮನೆಯಲ್ಲಿ, ಎಲ್ಲರೂ ಮಧ್ಯಾಹ್ನ ಮಲಗಿದ್ದಾಗ ಕದ್ದು ಎಳನೀರು ಕೆತ್ತಲು ಹೋಗಿ ಎಡಗೈ ಹೆಬ್ಬೆರಳಿನ ಬುಡ ಕೊಯ್ದುಕೊಂಡಿದ್ದ. ಮೂರು ಹೊಲಿಗೆ! ಅತ್ತಿಗೆ ಈ ಸಲ ಕಳಿಸುವಾಗ, "ಕತ್ತಿಯ ಹತ್ತಿರ ಸುಳಿಯಗೊಡಬೇಡಿ" ಎಂದು ಹತ್ತು ಸಲ ಹೇಳಿದ್ದರು.

ಹೊನ್ನಾವರದಿಂದ ಗೇರುಸೊಪ್ಪೆಯ ದಾರಿಯಲ್ಲಿ, ಶರಾವತಿಯ ಪಕ್ಕದಲ್ಲೇ ಮಾವನ ಅಡಿಕೆ ತೋಟ. ಆ ಕಡೆ ಕತ್ತಿಯಿಲ್ಲದೆ ದಿನವೇ ಇಲ್ಲ. ತೋಟಕ್ಕೆ, ಸೊಪ್ಪಿನ ಬೆಟ್ಟಕ್ಕೆ ಹೊರಟವರ ಸೊಂಟದ ಕೊಕ್ಕೆಯಲ್ಲಿ ಕತ್ತಿ ತೂಗುತ್ತಿರುತ್ತದೆ. ಅತ್ತಿಗೆಯ ಮಾತು ತಿಳಿಸಿದಾಗ ಮಾವ ನಕ್ಕರು. "ಮುಟ್ಟಡ ಹೇಳಿ ಹೇಳಿದ್ದೇ ಆತು, ಹ್ಯಾಂಗೆ ಹಿಡಿಯವು ಹೇಳಿ ಯಾರೂ ಕಲಿಸಿದ್ದಿಲ್ಲೆ. ತಪ್ಪು ಮಾಣಿದಲ್ಲ" ಎಂದರು. ಅತ್ತಿಗೆಗೆ ತಾವೇ ಫೋನು ಮಾಡಿ ಒಪ್ಪಿಸಿದರು.

ಮರುದಿನ ಅಂಗಳದಲ್ಲೇ ಶಾಲೆ. ಮೊದಲ ದಿನ ಕತ್ತಿ ಮಸೆಯುವುದು, ಒರೆಸುವುದು, ಕೊಕ್ಕೆಗೆ ಸಿಕ್ಕಿಸುವುದು ಇಷ್ಟೇ. ಮೊಂಡು ಕತ್ತಿಯೇ ಹೆಚ್ಚು ಅಪಾಯವಂತೆ. ಬಲ ಹಾಕಿ ಒತ್ತುತ್ತೇವೆ, ಆಗಲೇ ಅದು ಜಾರುತ್ತದೆ. ಕೊಡುವಾಗ ಹಿಡಿ ಎದುರಿನವರ ಕಡೆಗಿರಬೇಕು, ಅವರು ಗಟ್ಟಿಯಾಗಿ ಹಿಡಿದರೆಂದು ಗೊತ್ತಾದ ಮೇಲೆಯೇ ಬಿಡಬೇಕು. ಕಡಿಯುವ ಮೊದಲು ಕೈ ಚಾಚಿ ಸುತ್ತ ತಿರುಗಿ ನೋಡಬೇಕು. ಆ ಸುತ್ತಿನೊಳಗೆ ಯಾರೂ ಇರಬಾರದು. ಅಲಗು ಯಾವಾಗಲೂ ಮೈಯಿಂದ ಆಚೆಗೆ ಹೋಗುವಂತಿರಬೇಕು. ಸ್ಕೌಟ್ಸ್ ಮತ್ತು ಗೈಡ್ಸ್ ಶಿಬಿರಗಳಲ್ಲಿ ಕಲಿಸುವುದೂ ಇದನ್ನೇ.

ಗರಗಸಕ್ಕೆ ಕೊಂಬೆ ಅಲುಗದಂತೆ ಗಟ್ಟಿ ಹಿಡಿತ ಬೇಕು. ಮೊದಲು ಮೆಲ್ಲಗೆ ಎಳೆದು ಗೀರು ಮಾಡಿಕೊಂಡು, ಅದರೊಳಗೆ ಹಲ್ಲು ಕೂತ ಮೇಲೆ ಉದ್ದಕ್ಕೆ ಎಳೆಯಬೇಕು. ಕೊಡಲಿಯಾದರೆ ಕಾವು ಸಡಿಲವಾಗಿದೆಯೇ ಎಂದು ಮೊದಲು ನೋಡಬೇಕು. ಕಾಲು ಅಗಲಿಸಿ ನಿಂತು, ಸೌದೆಯನ್ನು ಕೊರಡಿನ ಮೇಲಿಟ್ಟು ಒಡೆಯಬೇಕು. ದಣಿವಾದರೆ ನಿಲ್ಲಿಸಿಬಿಡಬೇಕು.

ಮಗಳು ತನಗೂ ಕೊಡಲಿ ಬೇಕೆಂದಳು. "ನಿನಗ್ಯಾಕೆ?" ಎಂದೆ. ಒಳಗಿನಿಂದ ಅತ್ತೆ ಬಂದು, "ಯಂಗೆ ಮದುವೆಯಾಗಿ ಬಂದ ವರ್ಷವೇ ಸೌದೆ ಒಡೆಯಲೆ ಬಂದಿತ್ತು. ಕೂಸಿಗೆ ಎಂತಕ್ಕೆ ಬೇಡ?" ಎಂದುಬಿಟ್ಟರು. ನಾನು ಸುಮ್ಮನಾದೆ. ದಿನವಿಡೀ ಅಡಿಗೆಮನೆಯಲ್ಲಿ ಕತ್ತಿಯ ಜತೆಗೇ ಇರುವ ನಾವು ಮಗಳನ್ನು ಅಂಗಳದಲ್ಲಿ ತಡೆಯುವುದು ಯಾವ ನ್ಯಾಯ?

ಅಲ್ಲಿಂದ ಸುಮಾರು 20 ಕಿ.ಮೀ. ದೂರದ ಕುಮಟೆಗೂ ಹೋದೆವು. ಕುಮಟೆ, ಹೊನ್ನಾವರ, ಶಿರಸಿ, ಸಾಗರಗಳ ಗುಡಿಗಾರರ ಶ್ರೀಗಂಧದ ಕೆತ್ತನೆ ನಿಮಗೆ ಗೊತ್ತೇ ಇದೆ. ಬೆಂಡಿನ ಬಾಸಿಂಗ ಮಾಡುವವರೂ ಅವರೇ. ಒಬ್ಬ ಹಿರಿಯರು ಉಳಿ ಹಿಡಿದು ಕೂತಿದ್ದರು. "ಮಕ್ಕಳಿಗೆ ಮೊದಲೇ ಗಂಧದ ತುಂಡು ಕೊಡ್ತೀರಾ?" ಎಂದು ಕೇಳಿದೆ. "ಇಲ್ಲಮ್ಮಾ, ಮೆತ್ತನೆ ಮರದಲ್ಲಿ ಕೈ ಕೂರಬೇಕು. ಹಿಡಿದ ಕೈ ಉಳಿಯ ಎದುರಿಗೆ ಬರಬಾರದು, ಅಷ್ಟು ಕಲಿತರೆ ಉಳಿದದ್ದು ಬರ್ತದೆ" ಎಂದರು.

ಎಷ್ಟು ಜಾಗ್ರತೆಯಿದ್ದರೂ ಗಾಯವಾಗಬಹುದು. ಆಗ ಕಾಫಿ ಪುಡಿ, ಅರಿಸಿನ, ಸೊಪ್ಪಿನ ರಸ ಹಚ್ಚಬೇಡಿ. ಸಣ್ಣ ಗಾಯವನ್ನು ಶುದ್ಧ ನೀರು, ಸಾಬೂನಿನಲ್ಲಿ ತೊಳೆಯಿರಿ. ರಕ್ತ ಹೆಚ್ಚು ಬರುತ್ತಿದ್ದರೆ ಚೊಕ್ಕ ಬಟ್ಟೆ ಮಡಿಸಿ ಗಟ್ಟಿಯಾಗಿ ಒತ್ತಿ ಹಿಡಿದು ಕೈಯನ್ನು ಎತ್ತರಕ್ಕೆ ಹಿಡಿಯಿರಿ. ನಡುನಡುವೆ ಬಿಚ್ಚಿ ನೋಡಬೇಡಿ. ಗಾಯ ಆಳವಾಗಿದ್ದರೆ, ಹತ್ತು ನಿಮಿಷ ಒತ್ತಿದರೂ ರಕ್ತ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಧನುರ್ವಾಯು ಚುಚ್ಚುಮದ್ದು ಬೇಕೇ ಎಂದು ಡಾಕ್ಟರನ್ನು ಕೇಳಿ.

ಹೊರಡುವ ದಿನ ಹುಡುಗ ಎಳನೀರು ತಂದ. ಕೈಯಲ್ಲಿ ಹಿಡಿಯಲಿಲ್ಲ, ಕೊರಡಿನ ಮೇಲಿಟ್ಟ. ಸುತ್ತ ನೋಡಿ, "ಅತ್ತೆ, ಸ್ವಲ್ಪ ಹಿಂದೆ ಸರಿ" ಎಂದ. ನನ್ನ ಎದೆ ಡವಡವ ಎನ್ನುತ್ತಿತ್ತು. ನಾಲ್ಕು ಏಟಿಗೆ ಕಣ್ಣು ಬಿಟ್ಟುಕೊಂಡಿತು. ಕತ್ತಿ ಒರೆಸಿ ಕೊಕ್ಕೆಗೆ ಸಿಕ್ಕಿಸಿದ ಮೇಲೆಯೇ ಎಳನೀರು ನನ್ನ ಕೈಗೆ ಬಂತು. ಅವನ ಹೆಬ್ಬೆರಳಿನ ಬುಡದಲ್ಲಿ ಹಳೆಯ ಹೊಲಿಗೆಯ ಗುರುತು ಇನ್ನೂ ಇತ್ತು. ಆ ನೀರಿನಷ್ಟು ಸಿಹಿ ನಾನೆಂದೂ ಕುಡಿದಿಲ್ಲ.