ಪ್ರಸ್ತಾರವೂ ಔಷಧವೂ

ನಾನು ಪಾಠಶಾಲೆಯಲ್ಲಿ ಓದುತ್ತಿದ್ದಾಗ ಛಂದಸ್ಸಿನ ಗುರುಗಳು ಒಂದು ದಿನ, ಆರಕ್ಷರದ ಪಾದದಲ್ಲಿ ಲಘು ಗುರುಗಳು ಎಷ್ಟು ಬಗೆಯಾಗಿ ಬರಬಹುದೆಂಬುದನ್ನು ಪಿಂಗಳನ ಕ್ರಮದಂತೆ ಬರೆದು ತೋರಿಸೆಂದರು. 64 ಸಾಲುಗಳನ್ನು ಬರೆದೆನು. ಎಂಟಕ್ಷರಕ್ಕೆ 256 ಸಾಲುಗಳಾಗಬೇಕು. ನನ್ನ ಹಲಗೆಯಲ್ಲಿ ಸ್ಥಳ ಸಾಲದೆ ಹೋಯಿತು. ಒಂದೊಂದು ಅಕ್ಷರ ಹೆಚ್ಚಿದಂತೆಲ್ಲ ಪ್ರಸ್ತಾರವು ಇಮ್ಮಡಿಸುವುದೆಂಬುದನ್ನು ಅಂದು ಕೈನೋವಿನಿಂದಲೇ ಕಲಿತೆನು. ಅರುವತ್ತು ದಾಟಿದ ಮೇಲೆ ಆ ಪಾಠವು ಬೇರೊಂದು ಕಾರಣದಿಂದ ನೆನಪಿಗೆ ಬಂದಿತು.

ನನ್ನ ಮನೆಯಾಕೆಗೆ ನಾಲ್ಕು ವರ್ಷಗಳಿಂದ ಕಂಪವಾತ. ವೈದ್ಯರು ಪಾರ್ಕಿನ್‌ಸನ್ ರೋಗವೆನ್ನುತ್ತಾರೆ. ಲೆವೊಡೋಪ ಗುಳಿಗೆಯು ನಡುಕವನ್ನೂ ಬಿಗಿತವನ್ನೂ ತಗ್ಗಿಸುತ್ತದೆ. ರೋಗದ ಮುನ್ನಡೆಯನ್ನು ತಡೆಯದು. ಭೌತವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿರುವ ಕಿರಿಯ ಮಗನು ಮೊನ್ನೆ ರಜೆಗೆ ಬಂದಿದ್ದಾಗ, ಕ್ವಾಂಟಮ್ ಗಣಕಯಂತ್ರದ ನೆರವಿನಿಂದ ಹೊಸ ಔಷಧಗಳನ್ನು ಅರಸುವ ಪ್ರಯತ್ನ ನಡೆದಿದೆಯೆಂದು ಹೇಳಿದನು. ನಾನು ಕಿವಿ ನಿಮಿರಿಸಿದೆನು.

ಔಷಧದ ಅಣುವು ದೇಹದ ಪ್ರೋಟೀನಿನೊಡನೆ, ಬೀಗಕ್ಕೆ ಬೀಗದ ಕೈಯಂತೆ ಹೊಂದಬೇಕಂತೆ. ಅದನ್ನು ನಿರ್ಣಯಿಸುವುದು ಎಲೆಕ್ಟ್ರಾನುಗಳ ನಡತೆ. ಅವುಗಳ ಸ್ಥಿತಿಗಳೂ ನಮ್ಮ ಪ್ರಸ್ತಾರದಂತೆಯೇ ಇಮ್ಮಡಿಸುತ್ತ ಹೋಗುತ್ತವೆ. ಐವತ್ತು ಎಡೆಗಳಾದರೆ 11 ಕೋಟಿ ಕೋಟಿಗೂ ಮೀರಿದ ಸಾಲುಗಳು. ಪ್ರಕೃತಿಯು ಕ್ವಾಂಟಮ್ ನಿಯಮದಂತೆ ನಡೆಯುವಾಗ ಅದನ್ನು ಅನುಕರಿಸುವ ಯಂತ್ರವೂ ಅದೇ ನಿಯಮದಿಂದ ನಡೆಯಬೇಕೆಂದು ರಿಚರ್ಡ್ ಫೈನ್‌ಮನ್ನರು 1981ರಲ್ಲಿ ಸೂಚಿಸಿದರು. ಅಂತಹ ಯಂತ್ರದ ಕ್ಯೂಬಿಟ್ ಎಂಬುದು ಲಘುವೂ ಗುರುವೂ ಬೆರೆತ ಸ್ಥಿತಿಯಲ್ಲಿರಬಲ್ಲುದು. ಆದರೆ ಅಳೆದಾಗ ಕೈಗೆ ದೊರೆಯುವುದು ಒಂದೇ ಸಾಲು. ಅಲೆಯು ಅಲೆಯನ್ನು ಅಡಗಿಸುವಂತೆ ತಪ್ಪು ಸಾಲುಗಳನ್ನು ಅಡಗಿಸಿ ಸರಿಯಾದುದನ್ನು ಉಳಿಸಿಕೊಳ್ಳುವುದೇ ಅಲ್ಲಿಯ ವಿದ್ಯೆ. 2023ರಲ್ಲಿ ಅಮೆರಿಕದ ಕ್ಲೀವ್‌ಲೆಂಡ್ ಕ್ಲಿನಿಕ್ ಎಂಬ ವೈದ್ಯಸಂಸ್ಥೆಯಲ್ಲಿ 127 ಕ್ಯೂಬಿಟ್ಟುಗಳ ಯಂತ್ರವೊಂದನ್ನು ಆರೋಗ್ಯ ಸಂಶೋಧನೆಗೆಂದೇ ಸ್ಥಾಪಿಸಿದರು.

“ಹಾಗಾದರೆ ನಿನ್ನ ತಾಯಿಗೆ?” ಎಂದು ಕೇಳಿದೆನು.

ಅವನು ತಲೆ ತಗ್ಗಿಸಿದನು. “ಕ್ಯೂಬಿಟ್ಟುಗಳು ಕೊಂಚ ಶಾಖಕ್ಕೂ ಕೆಡುತ್ತವೆ, ಅಪ್ಪ, ಲೆಕ್ಕದಲ್ಲಿ ತಪ್ಪು ನುಸುಳುತ್ತದೆ. ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವ ದೊಡ್ಡ ಯಂತ್ರ ಬರಬೇಕು. ಅಣು ಸಿಕ್ಕಿದ ಮೇಲೂ ಅದನ್ನು ರೋಗಿಗಳಲ್ಲಿ ಪರೀಕ್ಷಿಸಲು ವರ್ಷಗಳೇ ಹಿಡಿಯುತ್ತವೆ.”

ಒಳಗಿನಿಂದ ಆಕೆ, “ಏನಂತೆ?” ಎಂದಳು. ಸುಳ್ಳು ಭರವಸೆಗೆ ನನ್ನ ನಾಲಗೆ ಏಳಲಿಲ್ಲ. “ಹೊಸ ಮದ್ದು ಹುಡುಕುತ್ತಿದ್ದಾರಂತೆ. ನಿನ್ನ ಕಾಲಕ್ಕೆ ಒದಗುವುದು ಸಂದೇಹ” ಎಂದೆನು.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಿತ್ತಲ ಹಲಸನ್ನು ನೆಟ್ಟವರು ನಿಮ್ಮ ತಾತನವರು, ಹಣ್ಣು ತಿಂದವರು ನಾವು. ಹುಡುಕಲಿ ಬಿಡಿ” ಎಂದಳು.

ಗಡಿಯಾರ ಎಂಟು ಹೊಡೆಯಿತು. ನಾನೆದ್ದು ಗುಳಿಗೆಯನ್ನೂ ನೀರನ್ನೂ ತಂದುಕೊಟ್ಟೆನು.